ಸವಾರನನ್ನು ಕಳೆದುಕೊಂಡ ಪದ

ಇಂಗ್ಲಿಷಿನ ‘ಪೋಸ್ಟ್‌ಹೇಸ್ಟ್’ ಪದಕ್ಕೆ ಇಂದು ‘ತಡಮಾಡದೆ, ತುರ್ತಾಗಿ’ ಎಂದಷ್ಟೇ ಅರ್ಥ. ಹದಿನಾರನೇ ಶತಮಾನದಲ್ಲಿ ಅದು ಒಬ್ಬ ಮನುಷ್ಯನಿಗೆ ಕೊಟ್ಟ ಆಜ್ಞೆ: ‘ಬೇಗ, ಪೋಸ್ಟ್, ಬೇಗ!’ ಇಲ್ಲಿ ಪೋಸ್ಟ್ ಎಂದರೆ ಕಾಗದವಲ್ಲ, ಅದನ್ನು ಹೊತ್ತು ಕುದುರೆ ಓಡಿಸುವ ಸವಾರ.

ಎಂಟನೇ ಹೆನ್ರಿಯ ಕಾಲದಲ್ಲಿ (1509–1547) ಅರಸನ ಟಪಾಲಿನ ಉಸ್ತುವಾರಿ ಸರ್ ಬ್ರಯನ್ ಟ್ಯೂಕ್‌ನದು. ದಾರಿಯ ಠಾಣ್ಯಗಳಲ್ಲಿ ಕುದುರೆಗಳು ಸಿದ್ಧವಾಗಿರಬೇಕಿತ್ತು. ಟ್ಯೂಡರ್ ಕಾಲದ ತುರ್ತು ಪತ್ರಗಳ ಹೊರಮೈ ನೋಡಿದರೆ ಎದೆ ಝಲ್ಲೆನ್ನುತ್ತದೆ. ‘ಬೇಗ, ಬೇಗ’ ಎಂದು ಮತ್ತೆ ಮತ್ತೆ ಬರೆದು, ಜೊತೆಗೆ ‘ನಿನ್ನ ಜೀವದಾಣೆ’ ಎಂಬಂಥ ಮಾತು. ಓದು ಬಾರದವನಿಗೂ ತಿಳಿಯಲೆಂದೋ ಏನೋ, ಕೆಲವದರ ಮೇಲೆ ನೇಣುಗಂಬದ ಚಿತ್ರವೇ ಇದೆ! ಪತ್ರ ಮುಟ್ಟಿದ ಹೊತ್ತನ್ನು ಠಾಣ್ಯದವರು ಅದರ ಮೇಲೆಯೇ ಗುರುತು ಹಾಕುತ್ತಿದ್ದರು. ತಡವಾದದ್ದು ಯಾರಿಂದ ಎಂದು ಹಿಡಿಯಲು ಬೇರೆ ಸಾಕ್ಷಿ ಬೇಕಿರಲಿಲ್ಲ.

1604ರಲ್ಲಿ ಅರಮನೆಯಲ್ಲಿ ಆಡಿದ ಷೇಕ್ಸ್‌ಪಿಯರನ ‘ಒಥೆಲೊ’ ಹೊತ್ತಿಗೆ ಈ ಕೂಗು ಬರಿಯ ವಿಶೇಷಣವಾಗಿತ್ತು. ವೆನಿಸ್ಸಿನ ಡ್ಯೂಕ್ ನಡುರಾತ್ರಿ ಒಥೆಲೊನನ್ನು ತುರ್ತಾಗಿ ಕರೆಸುವಲ್ಲಿ ಅದು ಬರುತ್ತದೆ. ಕರೆ ತಂದವನು ಸೇನಾಧಿಕಾರಿ ಕ್ಯಾಸಿಯೊ. ಟಪಾಲಿನ ಸವಾರ ಅಲ್ಲಿಲ್ಲ, ನೇಣುಗಂಬವಂತೂ ಇಲ್ಲವೇ ಇಲ್ಲ.