ಓದಲಾರದ ಜಾಣರು: ಡಿಸ್ಲೆಕ್ಸಿಯದ ಅರಿವು ಬೆಳೆದು ಬಂದ ಹಾದಿ

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಸೀಫರ್ಡ್ ಎಂಬ ಚಿಕ್ಕ ಊರಿದೆ. ಅಲ್ಲಿ ವೈದ್ಯರಾಗಿದ್ದ ಡಬ್ಲ್ಯು. ಪ್ರಿಂಗಲ್ ಮಾರ್ಗನ್ ಅವರ ಒಂದು ಪುಟ್ಟ ಲೇಖನ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನ 1896ರ ನವೆಂಬರ್ 7ರ ಸಂಚಿಕೆಯಲ್ಲಿ ಪ್ರಕಟವಾಯಿತು. ಅದು ಪರ್ಸಿ ಎಂಬ 14 ವರ್ಷದ ಹುಡುಗನ ಕುರಿತಾದದ್ದು. ಹುಡುಗ ಬುದ್ಧಿವಂತ, ಆಟದಲ್ಲಿ ಚುರುಕು, ಕಣ್ಣಿನಲ್ಲಿ ಯಾವ ದೋಷವೂ ಇಲ್ಲ. ಏಳನೆಯ ವಯಸ್ಸಿನಿಂದ ಶಾಲೆಯಲ್ಲೂ ಮನೆಪಾಠದಲ್ಲೂ ಅವನಿಗೆ ಓದು ಕಲಿಸಲು ಎಲ್ಲರೂ ಶ್ರಮಿಸಿದ್ದರು. ಆದರೂ ಚಿಕ್ಕ ಚಿಕ್ಕ ಪದಗಳನ್ನು ಬಿಟ್ಟರೆ ಅವನಿಗೆ ಏನನ್ನೂ ಓದಲು ಬರುತ್ತಿರಲಿಲ್ಲ. ತನ್ನ ಹೆಸರನ್ನು ಬರೆಯುವಾಗಲೂ ನಡುವಿನ ಎರಡು ಅಕ್ಷರಗಳನ್ನು ಅದಲುಬದಲು ಮಾಡಿದ. ಒಮ್ಮೆಗಿಂತ ಹೆಚ್ಚು ಸಲ ತೋರಿಸಿದ ಮೇಲಷ್ಟೇ ಆ ತಪ್ಪು ಅವನ ಗಮನಕ್ಕೆ ಬಂತು.

ಹಾಗಾದರೆ ಹುಡುಗ ದಡ್ಡನೇ? ಅಂಕಿಗಳಲ್ಲಿ ಬರೆದ ಒಂಬತ್ತು ಸ್ಥಾನಗಳ ಸಂಖ್ಯೆಯನ್ನು ಅವನು ತಡವರಿಸದೆ ಓದಿದ. 749ನ್ನು 867ರಿಂದ ಬೇಗನೆ, ತಪ್ಪಿಲ್ಲದೆ ಗುಣಿಸಿದ. ಅಂಕಿಯಲ್ಲಿ ಬರೆದ 7 ಅವನಿಗೆ ತಿಳಿಯುತ್ತಿತ್ತು, ಅದನ್ನೇ ಅಕ್ಷರಗಳಲ್ಲಿ ಬರೆದರೆ ತಿಳಿಯುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಇವನೇ ಶಾಲೆಯ ಅತ್ಯಂತ ಜಾಣ ಹುಡುಗನಾಗುತ್ತಿದ್ದ ಎಂದು ಅವನ ಮೇಷ್ಟರು ಹೇಳಿದ್ದನ್ನೂ ಮಾರ್ಗನ್ ದಾಖಲಿಸಿದ್ದಾರೆ. ಈ ಸ್ಥಿತಿಗೆ ಅವರು ಕೊಟ್ಟ ಹೆಸರು 'ಜನ್ಮಜಾತ ಪದಾಂಧತೆ'. ಇಂದು ನಾವು ಡಿಸ್ಲೆಕ್ಸಿಯ ಎಂದು ಕರೆಯುವ ತೊಂದರೆಯನ್ನು ಒಬ್ಬ ಮಗುವಿನಲ್ಲಿ ಗುರುತಿಸಿ ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದ ಮೊದಲ ಬರಹಗಳಲ್ಲಿ ಇದು ಪ್ರಸಿದ್ಧವಾದುದು.

ಪದಾಂಧತೆ ಎಂಬ ಪದ ಮಾರ್ಗನ್ ಅವರ ಸ್ವಂತ ಸೃಷ್ಟಿಯಲ್ಲ. ಜರ್ಮನಿಯ ವೈದ್ಯ ಅಡಾಲ್ಫ್ ಕುಸ್ಮೌಲ್ 1877ರಲ್ಲಿ ಅದನ್ನು ಬಳಸಿದ್ದರು. ಡಿಸ್ಲೆಕ್ಸಿಯ ಎಂಬ ಪದವನ್ನು ಸ್ಟುಟ್‌ಗಾರ್ಟಿನ ನೇತ್ರತಜ್ಞ ರುಡಾಲ್ಫ್ ಬರ್ಲಿನ್ 1880ರ ದಶಕದಲ್ಲಿ ಟಂಕಿಸಿದರು. ಆದರೆ ಇವರಿಬ್ಬರೂ ಕಂಡವರು ಮಕ್ಕಳಲ್ಲ, ಓದು ಬಲ್ಲವರಾಗಿದ್ದು ಮಿದುಳಿನ ಆಘಾತದಿಂದ ಅದನ್ನು ಕಳೆದುಕೊಂಡ ವಯಸ್ಕರು.

ಅಂಥವರಲ್ಲಿ ಪ್ಯಾರಿಸ್ಸಿನ ಒಬ್ಬ ನಿವೃತ್ತ ಜವಳಿ ವ್ಯಾಪಾರಿಯ ಪ್ರಸಂಗ ಬಹಳ ಸ್ವಾರಸ್ಯಕರ. 1887ರ ಅಕ್ಟೋಬರಿನಲ್ಲಿ ಒಂದು ದಿನ ಅವರಿಗೆ ಇದ್ದಕ್ಕಿದ್ದಂತೆ ಒಂದು ಪದವನ್ನೂ ಓದಲಾಗಲಿಲ್ಲ. ಕನ್ನಡಕ ಬದಲಾಯಿಸಿದರೆ ಸರಿಹೋದೀತೆಂದು ಅವರು ನೇತ್ರತಜ್ಞರ ಬಳಿ ಹೋದರು. ಅಕ್ಷರಗಳ ಆಕಾರವೇನೋ ಕಾಣುತ್ತಿತ್ತು. ಒಂದನ್ನು ಚಿತ್ರಕಾರನ ನಿಲುಗಾಲಿಗೆ, ಇನ್ನೊಂದನ್ನು ಹಾವಿಗೆ ಹೋಲಿಸಿ ಹೇಳುತ್ತಿದ್ದರು. ಹೆಸರು ಮಾತ್ರ ಹೊಳೆಯುತ್ತಿರಲಿಲ್ಲ. ವಿಚಿತ್ರವೆಂದರೆ ಅವರಿಗೆ ಸರಾಗವಾಗಿ ಬರೆಯಲು ಬರುತ್ತಿತ್ತು, ಬರೆದದ್ದನ್ನು ಓದಲು ಬರುತ್ತಿರಲಿಲ್ಲ! 1892ರ ಜನವರಿಯಲ್ಲಿ ಅವರು ತೀರಿಕೊಂಡಾಗ ಜೂಲ್ಸ್ ಡೆಜರೀನ್ ಎಂಬ ನರತಜ್ಞ ಅವರ ಮಿದುಳನ್ನು ಪರೀಕ್ಷಿಸಿದರು. ಎಡ ಅರೆಗೋಳದ ಹಿಂಭಾಗವೂ, ಎರಡು ಅರೆಗೋಳಗಳನ್ನು ಬೆಸೆಯುವ ನರಪಟ್ಟಿಯ ಹಿಂತುದಿಯೂ ಹಾಳಾಗಿದ್ದವು. ಕಣ್ಣು ಕಂಡದ್ದು ಭಾಷೆಯ ಕೇಂದ್ರಕ್ಕೆ ತಲುಪುವ ದಾರಿಯೇ ಮುಚ್ಚಿಹೋಗಿತ್ತು. ಓದುವುದಕ್ಕೆ ಮಿದುಳಿನಲ್ಲಿ ಒಂದು ನಿರ್ದಿಷ್ಟ ಮಾರ್ಗವಿದೆ ಎಂಬುದು ಆಗ ಖಚಿತವಾಯಿತು.

ಗ್ಲಾಸ್ಗೋದ ನೇತ್ರ ಶಸ್ತ್ರಚಿಕಿತ್ಸಕ ಜೇಮ್ಸ್ ಹಿನ್ಷೆಲ್‌ವುಡ್ 1895ರ ಡಿಸೆಂಬರಿನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಂಥ ವಯಸ್ಕ ರೋಗಿಗಳ ಬಗ್ಗೆ ಬರೆದರು. ಮಾರ್ಗನ್ ಅವರಿಗೆ ಪರ್ಸಿಯ ತೊಂದರೆಯ ಸುಳಿವು ಸಿಕ್ಕಿದ್ದು ಆ ಲೇಖನದಿಂದಲೇ. ಆಘಾತದಿಂದ ಕಳೆದುಹೋಗುವ ಶಕ್ತಿ ಹುಟ್ಟಿನಿಂದಲೇ ದುರ್ಬಲವಾಗಿಯೂ ಇರಬಹುದಲ್ಲವೇ ಎಂಬುದು ಅವರ ತರ್ಕ. ಸಾವಿರಾರು ವರ್ಷಗಳಿಂದ ಬರವಣಿಗೆ ಇದ್ದರೂ ಈ ಪ್ರಶ್ನೆ ಅಷ್ಟು ತಡವಾಗಿ ಏಕೆ ಹುಟ್ಟಿತು? 1870 ಮತ್ತು 1880ರ ಕಾಯಿದೆಗಳ ತರುವಾಯ ಇಂಗ್ಲೆಂಡಿನ ಮಕ್ಕಳೆಲ್ಲ ಶಾಲೆಗೆ ಬರತೊಡಗಿದ್ದು ಒಂದು ಕಾರಣವಿರಬೇಕು. ಊರಿನಲ್ಲಿ ಓದು ಬಲ್ಲವರು ನಾಲ್ಕೇ ಜನವಿದ್ದಾಗ ಓದಲಾರದವನನ್ನು ಯಾರು ಗಮನಿಸುತ್ತಾರೆ? ನಮ್ಮಲ್ಲಿಯೂ ಸ್ಥಿತಿ ಬೇರೆಯಾಗಿರಲಿಲ್ಲ.

ಹಿನ್ಷೆಲ್‌ವುಡ್ ಮುಂದೆ ಮಕ್ಕಳನ್ನೂ ಪರೀಕ್ಷಿಸಿದರು. ಒಂದೇ ಮನೆಯ ನಾಲ್ವರು ಸೋದರರಲ್ಲಿ ಈ ತೊಂದರೆ ಇರುವುದನ್ನು 1907ರಲ್ಲಿ ವರದಿ ಮಾಡಿದರು. ಅನುವಂಶೀಯತೆಯ ಸುಳಿವು ಅಲ್ಲಿಯೇ ಇತ್ತು. ಇಂಥ ಮಗುವಿಗೆ ತರಗತಿಯ ಗುಂಪಿನಲ್ಲಿ ಕಲಿಸಿ ಪ್ರಯೋಜನವಿಲ್ಲ, ಒಂಟಿಯಾಗಿ ಕೂರಿಸಿಕೊಂಡು ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ಹೊತ್ತು ಕಲಿಸಬೇಕು ಎಂದು ಅವರು ಹೇಳಿದ ಮಾತು ಇಂದಿಗೂ ಹಳತಾಗಿಲ್ಲ. ಆದರೆ ಅವರು ನೇತ್ರತಜ್ಞರು. ಅವರ ದೃಷ್ಟಿಯಲ್ಲಿ ಕೊರತೆ ಇದ್ದದ್ದು ಪದಗಳ ರೂಪವನ್ನು ನೆನಪಿಡುವ ದೃಶ್ಯಸ್ಮೃತಿಯಲ್ಲಿ. 'ಅಂಧತೆ' ಎಂಬ ಮಾತೇ ಮುಂದಿನವರನ್ನು ಹಲವು ದಶಕಗಳ ಕಾಲ ದಾರಿ ತಪ್ಪಿಸಿತು ಎಂದು ನನಗನಿಸುತ್ತದೆ.

ಅಮೆರಿಕದ ಅಯೋವಾ ರಾಜ್ಯದ ನರತಜ್ಞ ಸ್ಯಾಮುಯೆಲ್ ಆರ್ಟನ್ 1925ರಲ್ಲಿ ಹೊಸದೊಂದು ವಿವರಣೆ ಮುಂದಿಟ್ಟರು. ಹಳ್ಳಿಗಾಡಿನಲ್ಲಿ ಸಂಚಾರಿ ಚಿಕಿತ್ಸಾಲಯ ನಡೆಸಿ, ಶಿಕ್ಷಕರು ಕಳುಹಿಸಿದ ಮಕ್ಕಳನ್ನು ಅವರು ಪರೀಕ್ಷಿಸಿದ್ದರು. ಇಂಗ್ಲಿಷಿನ 'ಬಿ' ಮತ್ತು 'ಡಿ' ಸಣ್ಣಕ್ಷರಗಳು ಒಂದಕ್ಕೊಂದು ಕನ್ನಡಿಯ ಬಿಂಬದಂತಿವೆ. ಆ ಮಕ್ಕಳು ಅವನ್ನು ಅದಲುಬದಲು ಮಾಡುತ್ತಿದ್ದರು. ಮಿದುಳಿನ ಒಂದು ಅರೆಗೋಳ ಇನ್ನೊಂದರ ಮೇಲೆ ಪ್ರಾಬಲ್ಯ ಸಾಧಿಸದೆ ಇರುವುದರಿಂದ ಅಕ್ಷರ ಮತ್ತು ಅದರ ಪ್ರತಿಬಿಂಬ ಎರಡೂ ಒಟ್ಟಿಗೆ ಎದ್ದು ಗೊಂದಲವಾಗುತ್ತದೆ ಎಂದು ಆರ್ಟನ್ ಊಹಿಸಿದರು. ಈ ಊಹೆ ನಿಲ್ಲಲಿಲ್ಲ. ಆದರೆ ಅದನ್ನು ಆಧರಿಸಿ ಅವರು ಸೂಚಿಸಿದ ಬೋಧನಾಕ್ರಮ ನಿಂತಿತು! ಇಡೀ ಪದವನ್ನು ಚಿತ್ರದಂತೆ ನೋಡಿ ಬಾಯಿಪಾಠ ಮಾಡಿಸುವುದು ಆಗ ಅಮೆರಿಕದ ಶಾಲೆಗಳಲ್ಲಿ ಜನಪ್ರಿಯವಾಗಿತ್ತು. ಈ ಮಕ್ಕಳಿಗೆ ಅದು ಹೊಂದುವುದಿಲ್ಲ, ಒಂದೊಂದು ಅಕ್ಷರವನ್ನೂ ಅದರ ಧ್ವನಿಯೊಂದಿಗೆ ಕಲಿಸಬೇಕು, ಧ್ವನಿ ಹೇಳುತ್ತ ಬೆರಳಿನಿಂದ ತಿದ್ದಿಸಬೇಕು, ಆಮೇಲೆ ಧ್ವನಿಗಳನ್ನು ಕೂಡಿಸಿ ಪದ ಮಾಡಿಸಬೇಕು ಎಂದು ಆರ್ಟನ್ ವಾದಿಸಿದರು. ನ್ಯೂಯಾರ್ಕಿನ ಆನಾ ಗಿಲಿಂಗ್‌ಹ್ಯಾಮ್ ಮತ್ತು ಬೆಸ್ಸಿ ಸ್ಟಿಲ್‌ಮನ್ 1930ರ ದಶಕದಲ್ಲಿ ಇದನ್ನು ಹಂತ ಹಂತದ ಕೈಪಿಡಿಯಾಗಿ ರೂಪಿಸಿದರು. ಆರ್ಟನ್–ಗಿಲಿಂಗ್‌ಹ್ಯಾಮ್ ವಿಧಾನವೆಂದು ಅದು ಇಂದಿಗೂ ಬಳಕೆಯಲ್ಲಿದೆ. ತಪ್ಪು ಸಿದ್ಧಾಂತದಿಂದ ಉಪಯುಕ್ತ ಚಿಕಿತ್ಸೆ ಹುಟ್ಟಿದ ಉದಾಹರಣೆಗಳು ವೈದ್ಯಕೀಯದ ಇತಿಹಾಸದಲ್ಲಿ ಇನ್ನೂ ಇವೆ. ನಮ್ಮ ಹಳೆಯ ಕೂಲಿಮಠಗಳ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತ ಗಟ್ಟಿಯಾಗಿ ಹೇಳುತ್ತಿದ್ದದ್ದೂ ಇಲ್ಲಿ ನೆನಪಾಗುತ್ತದೆ.

ಕಣ್ಣಿನ ಮೇಲಿನ ಅನುಮಾನವನ್ನು ಪರಿಹರಿಸಿದ್ದು 1970ರ ದಶಕದ ಒಂದು ಸರಳ ಪ್ರಯೋಗ. ಫ್ರಾಂಕ್ ವೆಲುಟಿನೊ ಮತ್ತು ಸಂಗಡಿಗರು ಹೀಬ್ರೂ ಲಿಪಿಯನ್ನೇ ಅರಿಯದ ಅಮೆರಿಕದ ಮಕ್ಕಳನ್ನು ಆರಿಸಿಕೊಂಡರು. ಅವರಲ್ಲಿ ಚೆನ್ನಾಗಿ ಓದುವವರೂ ಇದ್ದರು, ಓದಲಾರದವರೂ ಇದ್ದರು. ಹೀಬ್ರೂ ಪದಗಳನ್ನು ಕ್ಷಣಕಾಲ ತೋರಿಸಿ, ಮರೆಮಾಡಿ, ನೆನಪಿನಿಂದ ಬರೆಯಲು ಹೇಳಿದರು. ತೊಂದರೆ ದೃಶ್ಯಸ್ಮೃತಿಯಲ್ಲಿದ್ದರೆ ಓದಲಾರದವರು ಹಿಂದೆ ಬೀಳಬೇಕಿತ್ತಲ್ಲವೇ? ಹಾಗಾಗಲಿಲ್ಲ, ಎರಡೂ ಗುಂಪಿನವರು ಸಮನಾಗಿಯೇ ಬರೆದರು. ಗೆರೆಗಳ ರೂಪವನ್ನು ನೆನಪಿಡುವುದು ಇವರಿಗೆ ಕಷ್ಟವಲ್ಲ. ರೂಪಕ್ಕೆ ಧ್ವನಿಯನ್ನೂ ಹೆಸರನ್ನೂ ಜೋಡಿಸುವುದು ಕಷ್ಟ. ಕಣ್ಣಿನ ವ್ಯಾಯಾಮ, ಬಣ್ಣದ ಗಾಜಿನ ಕನ್ನಡಕಗಳಿಂದ ಡಿಸ್ಲೆಕ್ಸಿಯ ವಾಸಿಯಾಗುತ್ತದೆಂದು ಹೇಳಿ ಹಣ ಕೇಳುವವರು ಎದುರಾದರೆ ತಂದೆತಾಯಿಗಳು ಈ ಪ್ರಯೋಗವನ್ನು ನೆನೆಯುವುದು ಒಳ್ಳೆಯದು.

ಅದೇ ಕಾಲದಲ್ಲಿ ಇಸಬೆಲ್ ಲಿಬರ್‌ಮನ್ ಮತ್ತು ಸಂಗಡಿಗರು ಮಕ್ಕಳೊಂದಿಗೆ ಒಂದು ಆಟವಾಡಿದರು. ಹೇಳಿದ ಪದದಲ್ಲಿ ಎಷ್ಟು ತುಂಡುಗಳಿವೆಯೋ ಅಷ್ಟು ಸಲ ಮೇಜು ಕುಟ್ಟಬೇಕು. ನಾಲ್ಕು ವರ್ಷದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಉಚ್ಚಾರಾಂಶಗಳನ್ನು ಎಣಿಸಬಲ್ಲವರಾಗಿದ್ದರು. ಅದಕ್ಕಿಂತ ಸೂಕ್ಷ್ಮವಾದ ಧ್ವನಿಮಾಗಳನ್ನು ಒಬ್ಬರೂ ಎಣಿಸಲಿಲ್ಲ. ಒಂದನೆಯ ತರಗತಿ ಮುಗಿಯುವ ಹೊತ್ತಿಗೆ ಶೇಕಡ 70ರಷ್ಟು ಮಕ್ಕಳಿಗೆ ಧ್ವನಿಮಾಗಳೂ ಸಿಕ್ಕಿದ್ದವು. 1974ರಲ್ಲಿ ಪ್ರಕಟವಾದ ಈ ಫಲಿತಾಂಶದ ಹಿಂದೆಯೇ ಆಕ್ಸ್‌ಫರ್ಡಿನ ಲಿನೆಟ್ ಬ್ರ್ಯಾಡ್ಲಿ ಮತ್ತು ಪೀಟರ್ ಬ್ರಯಂಟ್ ಅವರ ಕೆಲಸ ಬಂತು. ಧ್ವನಿಗಳನ್ನು ಗುರುತಿಸುವುದರಲ್ಲಿ ಹಿಂದಿದ್ದ 65 ಮಕ್ಕಳಲ್ಲಿ ಕೆಲವರಿಗೆ ಅವರು ಎರಡು ವರ್ಷಗಳಲ್ಲಿ 40 ಬಾರಿ ಧ್ವನಿಯಾಟ ಆಡಿಸಿದರು. ಧ್ವನಿಯ ಜೊತೆಗೆ ಪ್ಲಾಸ್ಟಿಕ್ ಅಕ್ಷರಗಳನ್ನೂ ಕೊಟ್ಟು ಜೋಡಿಸಲು ಕಲಿಸಿದ ಗುಂಪು ಓದಿನಲ್ಲಿ ಎಲ್ಲರಿಗಿಂತ ಮುಂದೆ ಬಂದಿತು. 1983ರ 'ನೇಚರ್' ಪತ್ರಿಕೆಯಲ್ಲಿ ಅಚ್ಚಾದ ಈ ಅಧ್ಯಯನದಿಂದ, ಧ್ವನಿಯ ಅರಿವು ಓದಿನ ಫಲ ಮಾತ್ರವಲ್ಲ, ಕಾರಣವೂ ಹೌದು ಎಂಬುದಕ್ಕೆ ಬಲ ಬಂತು.

ಮಿದುಳಿನ ಚಿತ್ರಣ ಸಾಧ್ಯವಾದ ಮೇಲೆ ಇದಕ್ಕೆ ಇನ್ನಷ್ಟು ಪುರಾವೆ ದೊರೆಯಿತು. ಇಂಗ್ಲಿಷಿನಲ್ಲಿ ಸುಮಾರು 40 ಧ್ವನಿಗಳನ್ನು ಬರೆಯಲು ಸಾವಿರಕ್ಕೂ ಹೆಚ್ಚು ಬಗೆಗಳಿವೆ. ಇಟಾಲಿಯನ್ ಭಾಷೆಯಲ್ಲಿ 25 ಧ್ವನಿಗಳಿಗೆ 33 ಬಗೆಗಳಷ್ಟೇ. 2001ರಲ್ಲಿ ಎರಾಲ್ಡೊ ಪೌಲೇಸು ಮತ್ತು ಸಂಗಡಿಗರು ಇಂಗ್ಲಿಷ್, ಫ್ರೆಂಚ್ ಮತ್ತು ಇಟಾಲಿಯನ್ ಡಿಸ್ಲೆಕ್ಸಿಕರನ್ನು ಹೋಲಿಸಿದರು. ಇಟಲಿಯವರು ಉಳಿದವರಿಗಿಂತ ಚೆನ್ನಾಗಿ ಓದಿದರು. ಆದರೆ ಓದುವಾಗ ಮಿದುಳಿನ ಎಡಪಾರ್ಶ್ವದ ಒಂದೇ ಭಾಗದ ಚಟುವಟಿಕೆ ಮೂರೂ ದೇಶದವರಲ್ಲಿ ಕಡಿಮೆಯಿತ್ತು. ಮೂಲ ಒಂದೇ ಆದರೂ ಲಿಪಿಗೆ ತಕ್ಕಂತೆ ಅದು ಹೊರಗೆ ಕಾಣುವ ಪ್ರಮಾಣ ಬೇರೆ. ಅನುವಂಶೀಯತೆಯ ಬಗ್ಗೆ ಹಿನ್ಷೆಲ್‌ವುಡ್ ಕಂಡ ಸುಳಿವು 2022ರಲ್ಲಿ ವಿಸ್ತಾರಗೊಂಡಿತು. ಡಿಸ್ಲೆಕ್ಸಿಯ ಇದೆಯೆಂದು ಹೇಳಿಕೊಂಡ 50 ಸಾವಿರಕ್ಕೂ ಹೆಚ್ಚು ಜನರನ್ನು ಹತ್ತು ಲಕ್ಷಕ್ಕೂ ಮಿಕ್ಕಿದ ಇತರರೊಂದಿಗೆ ಹೋಲಿಸಿದಾಗ ಜೀನೋಮಿನ 42 ತಾಣಗಳು ಇದರೊಂದಿಗೆ ನಂಟು ತೋರಿಸಿದವು. ಯಾವುದೇ ಒಂದು 'ಡಿಸ್ಲೆಕ್ಸಿಯ ಜೀನ್' ಇಲ್ಲ ಎಂದಾಯಿತು.

ಪರ್ಸಿಯ ಕಥೆ ಬಿಟ್ಟುಹೋದ ಒಂದು ಕೆಟ್ಟ ಬಳುವಳಿಯನ್ನೂ ಹೇಳಬೇಕು. ಮೊದಲ ಹುಡುಗ ಜಾಣನಾಗಿದ್ದರಿಂದ, ಡಿಸ್ಲೆಕ್ಸಿಯ ಜಾಣರಿಗೆ ಮಾತ್ರ ಬರುವಂಥದು ಎಂಬ ಭಾವನೆ ಬೇರೂರಿತು. ವಿಶ್ವ ನರವಿಜ್ಞಾನ ಒಕ್ಕೂಟ 1968ರಲ್ಲಿ ಮಾಡಿದ ವ್ಯಾಖ್ಯೆಯಲ್ಲಿ ಸಾಕಷ್ಟು ಬುದ್ಧಿಮತ್ತೆ ಮತ್ತು ಸಾಮಾಜಿಕ ಅವಕಾಶ ಇರಬೇಕೆಂಬ ಷರತ್ತು ಸೇರಿತು. ಹಾಗಾದರೆ ಬಡವರ ಮನೆಯ ಮಗು? ಬುದ್ಧಿ ಸಾಧಾರಣವಾದ ಮಗು? ಇವರಿಗೆ ನೆರವಿನ ಬಾಗಿಲು ಮುಚ್ಚಿತು. ಇತ್ತ ಬ್ರಿಟನ್ನಿನಲ್ಲಿ, ಇದು ಮಧ್ಯಮವರ್ಗದ ತಂದೆತಾಯಿಗಳು ತಮ್ಮ ದಡ್ಡ ಮಕ್ಕಳಿಗೆ ಕಟ್ಟಿದ ನಾಜೂಕಿನ ಹೆಸರು ಎಂಬ ಕುಹಕವೂ ಹುಟ್ಟಿತು. ಬುದ್ಧಿಸೂಚ್ಯಂಕ ಹೆಚ್ಚಿರಲಿ ಕಡಿಮೆಯಿರಲಿ, ಓದಲು ಕಷ್ಟಪಡುವ ಮಕ್ಕಳ ಮಿದುಳು ಧ್ವನಿಯ ಕೆಲಸದಲ್ಲಿ ಒಂದೇ ಬಗೆಯಾಗಿ ವರ್ತಿಸುತ್ತದೆಂದು 2011ರ ಒಂದು ಅಮೆರಿಕನ್ ಅಧ್ಯಯನ ತೋರಿಸಿತು. ಆ ಷರತ್ತಿಗೆ ವೈಜ್ಞಾನಿಕ ಆಧಾರ ಉಳಿಯಲಿಲ್ಲ.

ಇನ್ನು ಕನ್ನಡದ ಮಾತು. ನಮ್ಮ ಲಿಪಿಯಲ್ಲಿ ಬರೆದಂತೆ ಓದುತ್ತೇವಾದ್ದರಿಂದ ನಮ್ಮಲ್ಲಿ ಡಿಸ್ಲೆಕ್ಸಿಯ ಇಲ್ಲ ಎಂದು ನಂಬಿದವರನ್ನು ನಾನು ಕಂಡಿದ್ದೇನೆ. ಇದು ಅರ್ಧ ಸತ್ಯ. ಇಂಗ್ಲಿಷಿನ ಕಾಗುಣಿತದ ಗೋಜಲು ನಮಗಿಲ್ಲ, ನಿಜ. ಆದರೆ ಇಂಗ್ಲಿಷಿನ ಮಗು 26 ಅಕ್ಷರ ಕಲಿತರೆ, ಕನ್ನಡದ ಮಗು ಗುಣಿತಾಕ್ಷರಗಳನ್ನೇ ನಾನೂರಕ್ಕೂ ಹೆಚ್ಚು ಕಲಿಯಬೇಕು, ಒತ್ತಕ್ಷರಗಳು ಬೇರೆ. 'ಕಿ' ಎಂಬುದು ಬರವಣಿಗೆಯಲ್ಲಿ ಒಂದೇ ಘಟಕ, ಧ್ವನಿಯಲ್ಲಿ ಕ್ ಮತ್ತು ಇ ಎಂಬ ಎರಡು. 'ಧರ್ಮ' ಎನ್ನುವಾಗ ನಾಲಿಗೆ ರಕಾರವನ್ನು ಮಕಾರಕ್ಕಿಂತ ಮೊದಲು ಹೇಳುತ್ತದೆ, ಕೈ ಅರ್ಕಾವತ್ತನ್ನು ಆಮೇಲೆ ಬರೆಯುತ್ತದೆ. ಧ್ವನಿಯ ಅರಿವು ದುರ್ಬಲವಾದ ಮಗು ಮುಗ್ಗರಿಸುವುದು ಇಂಥ ಕಡೆಯೇ.

ಪ್ರತಿಭಾ ಕಾರಂತ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿಯೇ, ವರ್ಣಮಾಲೆಯ ಲಿಪಿಗಳನ್ನು ನೋಡಿ ಕಟ್ಟಿದ ಸಿದ್ಧಾಂತ ಭಾರತದ ಲಿಪಿಗಳಿಗೆ ಹಾಗೆಯೇ ಅನ್ವಯಿಸುವುದಿಲ್ಲವೆಂದು ತೋರಿಸಿದ್ದರು. ನಮ್ಮ ಮಕ್ಕಳಿಗೆ ಉಚ್ಚಾರಾಂಶದ ಅರಿವು ಬೇಗ ಬರುತ್ತದೆ, ಧ್ವನಿಮಾಗಳ ಅರಿವು ನಿಧಾನ. ಬೆಂಗಳೂರಿನ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕನ್ನಡದ ಅಕ್ಷರಜ್ಞಾನ ಒಂದೆರಡು ವರ್ಷಗಳಲ್ಲಿ ಮುಗಿಯುವಂಥದಲ್ಲ, ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ. ಆಂಗ್ಲ ಸಂಶೋಧಕಿ ಮಾರ್ಗರೆಟ್ ಸ್ನೌಲಿಂಗ್ ಅವರೊಂದಿಗೆ 2011ರಲ್ಲಿ ಅವರು ಕನ್ನಡ ಓದಲು ಕಷ್ಟಪಡುವ ಮಕ್ಕಳ ವಿವರವಾದ ಚಿತ್ರವನ್ನು ಕೊಟ್ಟರು.

ಇದರಿಂದ ಮೇಷ್ಟರಿಗೆ ಸಿಗುವ ಕೆಲಸ ಸರಳವಾದದ್ದು. ಕಾಗುಣಿತವನ್ನು ನೂರು ಸಲ ನಕಲು ಮಾಡಿಸುವುದು ಕೈಗೆ ಶಿಕ್ಷೆ, ಅಷ್ಟೆ. 'ಕಮಲ'ವನ್ನು ಚಪ್ಪಾಳೆ ತಟ್ಟುತ್ತ ಕ–ಮ–ಲ ಎಂದು ಬಿಡಿಸುವುದು, ಕ, ಮ, ಲ ಮೂರಕ್ಕೂ ಇಕಾರ ಸೇರಿದರೆ ಏನಾಗುವುದೆಂದು ಬಾಯಲ್ಲಿ ಹೇಳಿಸಿ ಆಮೇಲೆ ಗುಡಿಸು ಬರೆಸುವುದು, ಒತ್ತಕ್ಷರದ ಪದವನ್ನು ನಿಧಾನವಾಗಿ ಎಳೆದು ಹೇಳಿಸಿ ಎರಡು ವ್ಯಂಜನಗಳನ್ನು ಬೇರ್ಪಡಿಸುವುದು, ಒಂದು ಸಲಕ್ಕೆ ಒಂದೇ ಸ್ವರಚಿಹ್ನೆ, ದಿನವೂ ಕಾಲುಗಂಟೆ. ಜೊತೆಗೆ, ವಿಜ್ಞಾನ ಸಮಾಜಗಳ ಪಾಠವನ್ನು ಯಾರಾದರೂ ಗಟ್ಟಿಯಾಗಿ ಓದಿ ಹೇಳಬೇಕು. ಓದು ತಡವಾಯಿತೆಂದು ತಿಳಿವಳಿಕೆಯೂ ತಡವಾಗಬೇಕಿಲ್ಲ.

1995ರ ಅಂಗವಿಕಲರ ಕಾಯಿದೆಯಲ್ಲಿ ಡಿಸ್ಲೆಕ್ಸಿಯಕ್ಕೆ ಜಾಗವಿರಲಿಲ್ಲ. 2007ರಲ್ಲಿ 'ತಾರೇ ಜಮೀನ್ ಪರ್' ಹಿಂದಿ ಚಿತ್ರ ಬಂದ ಮೇಲೆ ಆ ಪದ ಮನೆಮಾತಾಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಹೆಸರಿಸಿದ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಗಳೂ ಸೇರಿವೆ. ಆದರೆ ಗುರುತಿಸಲು ಅಳತೆಗೋಲು ಬೇಕಲ್ಲ? ಇಂಗ್ಲಿಷಿನಲ್ಲಿ ಸಿದ್ಧವಾದ ಪರೀಕ್ಷೆಯನ್ನು ಕನ್ನಡ ಶಾಲೆಯ ಮಗುವಿಗೆ ಕೊಟ್ಟರೆ ತಿಳಿಯುವುದು ಆ ಮಗುವಿಗೆ ಎಷ್ಟು ಇಂಗ್ಲಿಷ್ ಬರುತ್ತದೆ ಎಂಬುದಷ್ಟೆ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ 'ಡಾಲಿ' ಎಂಬ ಪರೀಕ್ಷಾ ಸರಣಿ ಹಿಂದಿ, ಮರಾಠಿ, ಕನ್ನಡ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ ಸಿದ್ಧವಾಯಿತು. ಎರಡು ಭಾಷೆ ಕಲಿಯುತ್ತಿರುವ ಮಗುವನ್ನು ಎರಡರಲ್ಲೂ ಪರೀಕ್ಷಿಸಬೇಕು. ಇಂಗ್ಲಿಷಿನಲ್ಲಿ ಮಾತ್ರ ತಡವರಿಸುವ ಮಗುವಿಗೆ ಬಹುಶಃ ಬೇಕಾದದ್ದು ಇನ್ನಷ್ಟು ಇಂಗ್ಲಿಷ್ ಪಾಠ. ಕನ್ನಡದಲ್ಲಿಯೂ ಗುಣಿತ, ಒತ್ತುಗಳಲ್ಲಿ ನಿಲ್ಲುವ ಮಗುವನ್ನೇ ತಜ್ಞರ ಬಳಿ ಕರೆದೊಯ್ಯಬೇಕು.