ಬೋರ್ಡಿಂಗ್‌ನಿಂದ ಕೋ-ಲಿವಿಂಗ್‌ವರೆಗೆ: ಚಿಕ್ಕೋಡಿ ಸೀಮೆಯ ಸಹವಸತಿ ಪರಂಪರೆ

ಒಂದೇ ಸೂರಿನಡಿ ಹಲವರು ವಾಸಿಸುತ್ತ ಅಡುಗೆಮನೆ, ನೀರು, ಅಂಗಳಗಳನ್ನು ಹಂಚಿಕೊಳ್ಳುವ ವ್ಯವಸ್ಥೆಗೆ ಮಹಾನಗರಗಳಲ್ಲಿ ಇಂದು ‘ಕೋ-ಲಿವಿಂಗ್’ ಎಂಬ ಹೆಸರು ಬಂದಿದೆ. 2010ರ ದಶಕದ ನಡುಭಾಗದಿಂದೀಚೆಗೆ ಬೆಂಗಳೂರು, ಪುಣೆಗಳಲ್ಲಿ ಅದು ದೊಡ್ಡ ಉದ್ಯಮವಾಗಿ ಬೆಳೆದಿದೆ. ಆದರೆ ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಿಗೆ ಸಹವಸತಿ ಹೊಸದಲ್ಲ. ಇವುಗಳಲ್ಲಿ ನಿಪ್ಪಾಣಿ ಮತ್ತು ಕಾಗವಾಡ 2017ರ ರಾಜ್ಯ ಬಜೆಟ್‌ನಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳು. ಸಹವಸತಿಯ ಚರಿತ್ರೆ ಅವುಗಳಿಗಿಂತ ಬಹಳ ಹಳೆಯದು. ಬೋರ್ಡಿಂಗ್, ಪ್ರಸಾದ ನಿಲಯ, ಆಶ್ರಮ, ಹಾಸ್ಟೆಲ್ ಎಂಬ ಹೆಸರುಗಳಲ್ಲಿ ಅದು ಇಲ್ಲಿ ಶತಮಾನದಿಂದ ನಡೆದುಬಂದಿದೆ. ಬಾಡಿಗೆಯ ಲಾಭಕ್ಕಾಗಿ ಅಲ್ಲ, ಹಳ್ಳಿಯ ಮಕ್ಕಳ ಓದಿಗಾಗಿ ಅದು ಹುಟ್ಟಿತೆಂಬುದು ಗಮನಾರ್ಹ.

ವಾರಾನ್ನದ ಕಾಲ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಭಾಗದ ಹುಡುಗನೊಬ್ಬ ಹೆಚ್ಚಿನ ಇಂಗ್ಲಿಷ್ ಶಿಕ್ಷಣ ಪಡೆಯಬೇಕೆಂದರೆ ಬೆಳಗಾವಿ, ಕೊಲ್ಹಾಪುರ, ಸಾಂಗಲಿ ಇಲ್ಲವೇ ಧಾರವಾಡಕ್ಕೆ ಹೋಗಬೇಕಿತ್ತು. ಧಾರವಾಡದ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಬೆಳಗಾವಿಯ ಲಿಂಗರಾಜ ಕಾಲೇಜು 1933ರಲ್ಲಿ. ಶಾಲೆಯ ಶುಲ್ಕಕ್ಕಿಂತ ಪರವೂರಿನಲ್ಲಿ ಊಟ ಮತ್ತು ವಸತಿಯ ವೆಚ್ಚವೇ ರೈತ ಕುಟುಂಬಗಳಿಗೆ ಭಾರವಾಗಿತ್ತು. ಕೆಲವರು ವಾರಾನ್ನದಿಂದ, ಅಂದರೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು, ಓದು ಮುಗಿಸಿದರು. ಆದರೆ ಆ ಅನ್ನವೂ ಜಾತಿಯನ್ನು ನೋಡಿಯೇ ಸಿಗುತ್ತಿತ್ತು. ಈ ಕೊರತೆಯನ್ನು ತುಂಬಲು ಸಮುದಾಯಗಳೇ ಮುಂದಾದವು.

ಸ್ತವನಿಧಿ ಮತ್ತು ಅಥಣಿ

ದಕ್ಷಿಣ ಭಾರತ ಜೈನ ಸಭೆಯು 1899ರಲ್ಲಿ ನಿಪ್ಪಾಣಿ ಸಮೀಪದ ಸ್ತವನಿಧಿ ಕ್ಷೇತ್ರದಲ್ಲಿ ಸ್ಥಾಪನೆಗೊಂಡಿತು. ಕನ್ನಡ ಮತ್ತು ಮರಾಠಿ ಮಾತನಾಡುವ ಜೈನ ರೈತಾಪಿ ಕುಟುಂಬಗಳಲ್ಲಿ ವಿದ್ಯಾಪ್ರಸಾರ ಮಾಡುವುದು ಅದರ ಮುಖ್ಯ ಧ್ಯೇಯಗಳಲ್ಲೊಂದು. ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಸಭೆಯ ಬೋರ್ಡಿಂಗ್‌ಗಳು ತಲೆಯೆತ್ತಿದವು. ಕಾಗವಾಡ ತಾಲ್ಲೂಕಿನ ಶೇಡಬಾಳದ ಶಾಂತಿಸಾಗರ ಆಶ್ರಮವೂ ಇದೇ ಪರಂಪರೆಗೆ ಸೇರಿದ್ದು.

ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳ (1836–1921) ಪ್ರಭಾವ ಇನ್ನೊಂದು ದಿಕ್ಕಿನಲ್ಲಿ ಹರಿಯಿತು. ಅವರ ಪರಂಪರೆಯಿಂದ ಬಂದ ಮೃತ್ಯುಂಜಯ ಸ್ವಾಮಿಗಳು ಧಾರವಾಡದ ಮುರುಘಾಮಠದಲ್ಲಿ ಉಚಿತ ಪ್ರಸಾದ ನಿಲಯವನ್ನು ಬೆಳೆಸಿದರು. ಉತ್ತರ ಕರ್ನಾಟಕದ ಬಡ ವಿದ್ಯಾರ್ಥಿಗಳ ಹಲವು ತಲೆಮಾರುಗಳು ಅಲ್ಲಿ ಉಂಡು, ಓದಿ ಹೊರಬಂದವು. ಭಕ್ತರು ಸುಗ್ಗಿಯಲ್ಲಿ ಕೊಡುವ ಜೋಳ, ಬೇಳೆ, ಬೆಲ್ಲಗಳಿಂದಲೇ ಇಂಥ ಮಠಗಳ ದಾಸೋಹ ಸಾಗುತ್ತಿತ್ತು.

ಪಂಕ್ತಿಯ ಪ್ರಶ್ನೆ

ರಾಯಬಾಗ ಸೀಮೆಯು 1949ರವರೆಗೆ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. 1894ರಿಂದ 1922ರವರೆಗೆ ಆ ಸಂಸ್ಥಾನವನ್ನಾಳಿದ ಶಾಹೂ ಮಹಾರಾಜರು ವಸತಿ ನಿಲಯಗಳನ್ನು ರಾಜ್ಯದ ನೀತಿಯಾಗಿಯೇ ಬೆಳೆಸಿದರು. 1901ರಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್ ಆರಂಭವಾಯಿತು. ಮುಂದೆ ಜೈನ, ಲಿಂಗಾಯತ, ಮುಸ್ಲಿಂ ಮೊದಲಾದ ಸಮುದಾಯಗಳ ಬೋರ್ಡಿಂಗ್‌ಗಳಿಗೂ, ದಲಿತ ವಿದ್ಯಾರ್ಥಿಗಳ ಮಿಸ್ ಕ್ಲಾರ್ಕ್ ಬೋರ್ಡಿಂಗ್‌ಗೂ ಅವರ ಆಶ್ರಯ ದೊರೆಯಿತು.

ಆದರೆ ಪ್ರತಿ ಸಮುದಾಯಕ್ಕೂ ಪ್ರತ್ಯೇಕ ಅಡುಗೆಮನೆ ಎಂಬುದೇ ಈ ವ್ಯವಸ್ಥೆಯ ಮಿತಿಯಾಗಿತ್ತು. ಕೊಲ್ಹಾಪುರದ ಜೈನ ಬೋರ್ಡಿಂಗ್‌ನಲ್ಲಿ ಓದುತ್ತಿದ್ದ ಭಾವುರಾವ್ ಪಾಟೀಲರು ಮಿಸ್ ಕ್ಲಾರ್ಕ್ ಬೋರ್ಡಿಂಗ್‌ನ ಸಮಾರಂಭಕ್ಕೆ ಹೋಗಿಬಂದರು. ಶುದ್ಧಿಯ ಸ್ನಾನ ಮಾಡಲು ಒಪ್ಪದ ಕಾರಣ ಬೋರ್ಡಿಂಗ್‌ನಿಂದ ಹೊರಬೀಳಬೇಕಾಯಿತು. ಅದೇ ಭಾವುರಾವ್ 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಮಕ್ಕಳು ಒಟ್ಟಿಗೆ ಅಡುಗೆ ಮಾಡಿ ಒಂದೇ ಪಂಕ್ತಿಯಲ್ಲಿ ಉಣ್ಣುವ ಬೋರ್ಡಿಂಗ್ ತೆರೆದರು. 1927ರಲ್ಲಿ ಗಾಂಧೀಜಿಯವರು ಅದಕ್ಕೆ ಶಾಹೂ ಮಹಾರಾಜರ ಹೆಸರಿಟ್ಟರು.

ಇದೇ ಅವಧಿಯಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರ ಬಹಿಷ್ಕೃತ ಹಿತಕಾರಿಣಿ ಸಭೆಯು 1925ರ ಜನವರಿಯಲ್ಲಿ ಸೋಲಾಪುರದಲ್ಲಿ ವಿದ್ಯಾರ್ಥಿ ನಿಲಯವನ್ನು ಆರಂಭಿಸಿತು. ಆ ವರ್ಷದ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ನಡೆದ ಮುಂಬೈ ಪ್ರಾಂತದ ಬಹಿಷ್ಕೃತ ವರ್ಗಗಳ ಪರಿಷತ್ತಿಗೆ ಅಂಬೇಡ್ಕರ್ ಅವರೇ ಬಂದಿದ್ದರು. ದಲಿತ ವಿದ್ಯಾರ್ಥಿಗಳಿಗೆ ಶಾಲೆಯ ಬಾಗಿಲು ತೆರೆದರಷ್ಟೇ ಸಾಲದು, ಪಟ್ಟಣದಲ್ಲಿ ತಂಗಲು ಒಂದು ಕೋಣೆಯೂ ಬೇಕೆಂಬುದನ್ನು ಆ ಚಳವಳಿ ಆರಂಭದಲ್ಲೇ ಗುರುತಿಸಿತ್ತು.

ಸರ್ಕಾರದ ಹೊಣೆ

ಸ್ವಾತಂತ್ರ್ಯಾನಂತರ ಈ ಹೊಣೆಯ ದೊಡ್ಡ ಪಾಲು ಸರ್ಕಾರದ ಹೆಗಲಿಗೆ ಬಂತು. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ಪೂರ್ವ ಹಾಗೂ ಮೆಟ್ರಿಕ್ ನಂತರದ ವಿದ್ಯಾರ್ಥಿ ನಿಲಯಗಳು ತಾಲ್ಲೂಕು ಕೇಂದ್ರಗಳನ್ನು ತಲುಪಿದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾದ ನವೋದಯ ವಿದ್ಯಾಲಯವೊಂದು ಚಿಕ್ಕೋಡಿ ತಾಲ್ಲೂಕಿನ ಕೋಥಳಿಯಲ್ಲಿದೆ. ರಾಜ್ಯದಲ್ಲಿ ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳು ಪ್ರವೇಶ ಪರೀಕ್ಷೆಯ ಮೂಲಕ ಮಕ್ಕಳನ್ನು ಸೇರಿಸಿಕೊಳ್ಳುತ್ತವೆ.

ಬೇಡಿಕೆ ಮಾತ್ರ ಸೀಟುಗಳಿಗಿಂತ ಮುಂದೆಯೇ ಇದೆ. ಹಾಸ್ಟೆಲ್ ಸಿಗದ ವಿದ್ಯಾರ್ಥಿಗಳಿಗೆ ಊಟ, ವಸತಿಗಾಗಿ ಆರಂಭದಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು ನೆರವು ನೀಡಿದ ‘ವಿದ್ಯಾಸಿರಿ’ ಯೋಜನೆಯು 2013-14ರಲ್ಲಿ ಜಾರಿಗೆ ಬಂದದ್ದೇ ಇದಕ್ಕೆ ಸಾಕ್ಷಿ. ಇಂಥ ವಿದ್ಯಾರ್ಥಿಗಳು ನಾಲ್ಕೈದು ಜನ ಸೇರಿ ಒಂದು ಕೋಣೆ ಹಿಡಿದು, ಸರದಿಯಂತೆ ಅಡುಗೆ ಮಾಡಿಕೊಳ್ಳುವುದು, ಊರಿನಿಂದ ಬಸ್ಸಿನಲ್ಲಿ ರೊಟ್ಟಿಯ ಗಂಟು ತರಿಸಿಕೊಳ್ಳುವುದು ಉತ್ತರ ಕರ್ನಾಟಕದ ಕಾಲೇಜು ಪಟ್ಟಣಗಳಲ್ಲಿ ಹಳೆಯ ರೂಢಿ.

ಮಹಾನಗರದ ಹಂಚಿಕೆ ಕೋಣೆ

ಓದು ಮುಗಿಸಿ ನೌಕರಿಗೆ ಹೊರಟವರಿಗೆ ಪುಣೆ ಮತ್ತು ಬೆಂಗಳೂರಿನ ಪಿ.ಜಿ.ಗಳು ಮುಂದಿನ ನೆಲೆಯಾಗುತ್ತವೆ. ಇಲ್ಲಿ ಸಂಬಂಧ ಬದಲಾಗುತ್ತದೆ: ಬೋರ್ಡಿಂಗ್‌ನ ಆಶ್ರಿತನು ಪಿ.ಜಿ.ಯಲ್ಲಿ ಗ್ರಾಹಕನಾಗುತ್ತಾನೆ, ಆದ್ದರಿಂದ ಕಾನೂನಿನ ಪ್ರಶ್ನೆಗಳೂ ಏಳುತ್ತವೆ. 2024ರ ಜೂನ್‌ನಲ್ಲಿ ನಡೆದ ಜಿ.ಎಸ್.ಟಿ. ಮಂಡಳಿಯ 53ನೇ ಸಭೆಯು, ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಮೀರದ ಮತ್ತು ಕನಿಷ್ಠ 90 ದಿನ ನಿರಂತರವಾಗಿ ಒದಗಿಸುವ ವಸತಿಗೆ ತೆರಿಗೆ ವಿನಾಯಿತಿ ಶಿಫಾರಸು ಮಾಡಿತು. ಅದೇ ವರ್ಷ ಬೆಂಗಳೂರಿನ ಪಿ.ಜಿ.ಯೊಂದರಲ್ಲಿ ಯುವತಿಯ ಕೊಲೆ ನಡೆದ ಬಳಿಕ, ಅಂದಿನ ಬಿ.ಬಿ.ಎಂ.ಪಿ.ಯು ಪ್ರತಿ ನಿವಾಸಿಗೆ ಕನಿಷ್ಠ 70 ಚದರ ಅಡಿ ಸ್ಥಳ, ದಿನಕ್ಕೆ 135 ಲೀಟರ್ ನೀರು, ಸಿ.ಸಿ. ಕ್ಯಾಮೆರಾ ಕಡ್ಡಾಯವೆಂದು ಮಾರ್ಗಸೂಚಿ ಹೊರಡಿಸಿತು.

ಕಬ್ಬಿನ ಹೊಲದ ಬದಿಯಲ್ಲಿ

ಈ ತಾಲ್ಲೂಕುಗಳಲ್ಲಿ ಇನ್ನೊಂದು ಸಹವಸತಿಯೂ ಇದೆ. ಅದಕ್ಕೆ ಯಾವ ಮಾರ್ಗಸೂಚಿಯೂ ಸುಲಭವಾಗಿ ತಲುಪುವುದಿಲ್ಲ. 1939ರಲ್ಲಿ ಸ್ಥಾಪನೆಯಾದ ಉಗಾರದ ಸಕ್ಕರೆ ಕಾರ್ಖಾನೆಯಿಂದ ಮೊದಲ್ಗೊಂಡು ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳ ಸಹಕಾರಿ ಕಾರ್ಖಾನೆಗಳವರೆಗೆ ಕೃಷ್ಣಾ, ದೂಧಗಂಗಾ ನದಿಗಳ ಬಯಲು ಕಬ್ಬಿನ ನಾಡಾಗಿದೆ. ಹಂಗಾಮು ಆರಂಭವಾಗುತ್ತಿದ್ದಂತೆ ಮಹಾರಾಷ್ಟ್ರದ ಬೀಡ ಕಡೆಯಿಂದಲೂ, ರಾಜ್ಯದ ಒಣ ಜಿಲ್ಲೆಗಳಿಂದಲೂ ಕಬ್ಬು ಕಡಿಯುವ ಗ್ಯಾಂಗ್‌ಗಳು ಬಂದಿಳಿಯುತ್ತವೆ. ಗಂಡ–ಹೆಂಡತಿಯ ಜೋಡಿಯೇ ಲೆಕ್ಕದ ಘಟಕ; ಮುಂಗಡ ಪಡೆದು ಬಂದವರು ಕೆಲಸ ಮುಗಿಯುವವರೆಗೆ ಹೊಲದ ಬದಿಯ ಗುಡಿಸಲುಗಳಲ್ಲಿ ಸಾಲಾಗಿ ನೆಲೆಸುತ್ತಾರೆ. ಶೌಚಾಲಯ, ಕುಡಿಯುವ ನೀರು, ದೀಪಗಳ ಕೊರತೆ ಹೆಚ್ಚಾಗಿ ಹೆಂಗಸರನ್ನೇ ಕಾಡುತ್ತದೆ.

ಹೊರರಾಜ್ಯದ ಕಾರ್ಮಿಕರಿಗೆ ತಕ್ಕ ವಸತಿ ಒದಗಿಸುವುದು ಗುತ್ತಿಗೆದಾರನ ಹೊಣೆಯೆಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಹೇಳಿತ್ತು. ಅದರ ಸ್ಥಾನದಲ್ಲಿ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಮಕ್ಕಳ ಪಾಲಿಗೆ ಮಾತ್ರ ಪರಿಹಾರ ಹಳೆಯದೇ. ತಂದೆ ತಾಯಿ ವಲಸೆ ಹೋದ ತಿಂಗಳುಗಳಲ್ಲಿ ಮಕ್ಕಳನ್ನು ಸ್ವಂತ ಊರಿನಲ್ಲಿಯೇ ಉಳಿಸಿ ಓದಿಸುವ ಹಂಗಾಮಿ ವಸತಿ ನಿಲಯಗಳಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ಅವು ಹಂಗಾಮಿಗೆ ಮುನ್ನ ತೆರೆದರೆ ಮಗು ಶಾಲೆಯಲ್ಲಿ ಉಳಿಯುತ್ತದೆ. ತಡವಾದರೆ ತಂದೆ ತಾಯಿಯೊಡನೆ ಕಬ್ಬಿನ ಹೊಲ ಸೇರುತ್ತದೆ.

ಶತಮಾನದ ಹಿಂದೆ ಸ್ತವನಿಧಿ, ಅಥಣಿ, ಕೊಲ್ಹಾಪುರಗಳಲ್ಲಿ ಹಿರಿಯರು ಕಂಡುಕೊಂಡ ಸತ್ಯವೂ ಇದೇ: ಪರವೂರಿನಲ್ಲಿ ಒಂದು ಸೂರು, ಎರಡು ಹೊತ್ತಿನ ಊಟ ದೊರೆತರೆ ಬಡವರ ಮಗು ಓದುತ್ತದೆ. ಆ ಸೂರಿನಡಿ ಯಾರಿಗೆ ಸ್ಥಳವಿದೆ, ಯಾರಿಗಿಲ್ಲ ಎಂಬ ಪ್ರಶ್ನೆ ಮಾತ್ರ ಇನ್ನೂ ಮುಗಿದಿಲ್ಲ.