ನಾಯಿಮರಿಯ ಡಿಸ್ಟೆಂಪರ್ ಮತ್ತು ಮನುಷ್ಯನ ಫ್ಲೂ

ಎರಡು ಮೂರು ತಿಂಗಳ ನಾಯಿಮರಿಗೆ ಜ್ವರ ಬರುತ್ತದೆ. ಒಂದೆರಡು ದಿನಗಳಲ್ಲಿ ಇಳಿದು ಮತ್ತೆ ಏರುತ್ತದೆ. ಕಣ್ಣಿನಲ್ಲಿ ಗೀಜು, ಮೂಗಿನಲ್ಲಿ ಸಿಂಬಳ, ಕೆಮ್ಮು, ವಾಂತಿ, ಭೇದಿ. ಕೆಲವು ಮರಿಗಳ ಮೂಗಿನ ತುದಿ ಮತ್ತು ಅಂಗಾಲಿನ ಚರ್ಮ ಗಟ್ಟಿಯಾಗುತ್ತದೆ. ಇನ್ನೇನು ಚೇತರಿಸಿಕೊಂಡಿತು ಎಂದು ಮನೆಯವರು ಸಮಾಧಾನಪಡುವಷ್ಟರಲ್ಲಿ ಕಾಲಿನ ಸ್ನಾಯುಗಳು ಅದುರತೊಡಗುತ್ತವೆ, ಫಿಟ್ಸ್ ಬರುತ್ತದೆ. ಪಶುವೈದ್ಯರು ಇದನ್ನು ಡಿಸ್ಟೆಂಪರ್ ರೋಗ ಎಂದು ಗುರುತಿಸುತ್ತಾರೆ. ಇದರ ವೈರಸ್ಸನ್ನು ನಾಶಮಾಡಲು ಚಿಕಿತ್ಸೆಯಲ್ಲಿ ಬಳಸುವ ಔಷಧ ಇಂದಿಗೂ ಇಲ್ಲ. ನೀರಿನಂಶ ಕಾಪಾಡುವುದು, ಜೊತೆಗೆ ಸೇರಿಕೊಳ್ಳುವ ಬ್ಯಾಕ್ಟೀರಿಯ ಸೋಂಕನ್ನು ಹತೋಟಿಯಲ್ಲಿಡುವುದು, ಕಾಯುವುದು, ಇಷ್ಟೇ ಸಾಧ್ಯ. ಆದರೆ ಒಳ್ಳೆಯ ಲಸಿಕೆ ಇದೆ. ಆ ಲಸಿಕೆಯ ಹುಡುಕಾಟವೇ ಮನುಷ್ಯನ ಫ್ಲೂ ವೈರಸ್ಸನ್ನೂ ಕೈಗೆ ತಂದುಕೊಟ್ಟಿತು.

ಸಿಡುಬಿನ ಲಸಿಕೆಯಿಂದ ಹೆಸರಾದ ಎಡ್ವರ್ಡ್ ಜೆನ್ನರ್ ಈ ರೋಗದ ಬಗ್ಗೆಯೂ ಬರೆದಿದ್ದಾನೆ. 1809ರ ತನ್ನ ಲೇಖನದಲ್ಲಿ ಆತ, ಇದು ಹುಚ್ಚುನಾಯಿ ರೋಗವಲ್ಲ, ಮನುಷ್ಯರಲ್ಲಿ ಸಿಡುಬು, ದಡಾರ ಹರಡುವಂತೆ ನಾಯಿಗಳಲ್ಲಿ ಹರಡುವ ಬೇರೆಯೇ ಕಾಯಿಲೆ ಎಂದು ತಿಳಿಸಿದ. ದಡಾರದ ಹೋಲಿಕೆ ಎಷ್ಟು ಸರಿಯಾಗಿತ್ತೆಂಬುದು ತಿಳಿದದ್ದು ಒಂದೂವರೆ ಶತಮಾನದ ನಂತರ. ಎರಡೂ ವೈರಸ್‌ಗಳು ಒಂದೇ ಕುಲಕ್ಕೆ ಸೇರಿದವು!

1905ರಲ್ಲಿ ಫ್ರಾನ್ಸಿನ ಪಶುವೈದ್ಯ ಆನ್ರಿ ಕಾರೆ, ರೋಗಿ ನಾಯಿಯ ಮೂಗಿನ ಸ್ರಾವವನ್ನು ಬ್ಯಾಕ್ಟೀರಿಯಗಳನ್ನು ತಡೆಹಿಡಿಯುವ ಸೂಕ್ಷ್ಮ ಸೋಸುಕದ ಮೂಲಕ ಹಾಯಿಸಿದ. ಸೋಸಿದ ದ್ರವವೂ ರೋಗ ತಂದಿತು. ರೋಗಕಾರಕ ಬ್ಯಾಕ್ಟೀರಿಯಕ್ಕಿಂತ ಚಿಕ್ಕದು ಎಂದಾಯಿತು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. 1910ರ ಹೊತ್ತಿಗೆ ಅಮೆರಿಕ ಮತ್ತು ಸ್ಕಾಟ್ಲೆಂಡಿನ ಸಂಶೋಧಕರು ರೋಗಿ ನಾಯಿಗಳ ಶ್ವಾಸನಾಳದಲ್ಲಿ ಒಂದು ಬ್ಯಾಕ್ಟೀರಿಯವನ್ನು ಕಂಡು, ಅದನ್ನೇ ಕಾರಣವೆಂದು ಸಾರಿದರು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೆ ಕಾಣುವುದನ್ನು ನಂಬುವುದು ಸಹಜ ತಾನೆ? ಇಂದು ಬಾರ್ಡೆಟೆಲ್ಲ ಬ್ರಾಂಕಿಸೆಪ್ಟಿಕ ಎಂದು ಕರೆಯಲ್ಪಡುವ ಆ ಬ್ಯಾಕ್ಟೀರಿಯ ನಾಯಿಗಳಿಗೆ ಕೆಮ್ಮು ತರುವುದು ನಿಜ. ಆದರೆ ಡಿಸ್ಟೆಂಪರಿನ ವಿಷಯದಲ್ಲಿ ಬಾಗಿಲು ಮುರಿದವನು ಬೇರೆ, ಮುರಿದ ಬಾಗಿಲಿನಿಂದ ಒಳನುಗ್ಗಿದವನು ಬೇರೆ.

ಗೊಂದಲಕ್ಕೆ ಇನ್ನೊಂದು ಕಾರಣವೂ ಇತ್ತು. ಪ್ರಯೋಗಕ್ಕೆ ತಂದ ನಾಯಿ ಹಿಂದೆಯೇ ರೋಗ ಕಂಡು ಗೆದ್ದಿರಬಹುದು; ಆಗ ಸೋಂಕು ಕೊಟ್ಟರೂ ಏನೂ ಆಗದು. ಅಥವಾ ಪಕ್ಕದ ಗೂಡಿನಿಂದ ತಾನಾಗಿ ರೋಗ ತಗಲಿರಬಹುದು. ಆಗ ಏನು ಕೊಟ್ಟರೂ ರೋಗ ಬಂದಂತೆ ಕಾಣುತ್ತದೆ. ಇಂಥ ನಾಯಿಗಳ ಮೇಲಿನ ಪ್ರಯೋಗದಿಂದ ಯಾವ ತೀರ್ಮಾನವೂ ಸಾಧ್ಯವಿರಲಿಲ್ಲ.

ಈ ಗಂಟನ್ನು ಬಿಡಿಸಿದವರು ಲಂಡನ್ನಿನ ಮಿಲ್ ಹಿಲ್‌ನಲ್ಲಿ ಕೆಲಸಮಾಡುತ್ತಿದ್ದ ವೈದ್ಯ ಪ್ಯಾಟ್ರಿಕ್ ಲೈಡ್ಲಾ ಮತ್ತು ಪಶುವೈದ್ಯ ಜಾರ್ಜ್ ಡಂಕಿನ್. 1920ರ ದಶಕದಲ್ಲಿ ಇವರಿಗೆ ಹಣ ಬಂದದ್ದು 'ದ ಫೀಲ್ಡ್' ಎಂಬ ಪತ್ರಿಕೆ ಸಂಗ್ರಹಿಸಿದ ನಿಧಿಯಿಂದ. ಕೊಟ್ಟವರಲ್ಲಿ ಬೇಟೆನಾಯಿ ಸಾಕಿದವರು, ನಾಯಿಪ್ರಿಯರು ಬಹಳ. ಇವರಿಬ್ಬರೂ ಮೊದಲು ಮಾಡಿದ್ದು ಡಿಸ್ಟೆಂಪರನ್ನೇ ಕಾಣದ ನಾಯಿಗಳನ್ನು ಬೆಳೆಸುವ ಕೆಲಸ. ಹೊರಗಿನ ನಾಯಿಗಳ ಸಂಪರ್ಕವೇ ಇಲ್ಲದ ಆವರಣದೊಳಗೆ ಮರಿಗಳು ಹುಟ್ಟಿ ಬೆಳೆದವು. ಒಳಹೋಗುವವರು ಸ್ನಾನಮಾಡಿ ಬಟ್ಟೆ ಬದಲಿಸಬೇಕಿತ್ತು. ಆ ನಾಯಿಗಳಲ್ಲಿ ಅನೇಕವು ಪ್ರಯೋಗದಲ್ಲೇ ಸತ್ತವೆಂಬುದನ್ನೂ ಇಲ್ಲಿ ನೆನೆಯಬೇಕು.

ನಾಯಿ ಬೆಳೆಸುವುದು ನಿಧಾನದ ಕೆಲಸ, ಖರ್ಚೂ ಹೆಚ್ಚು. ಚಿಕ್ಕ ಪ್ರಾಣಿಯೊಂದು ಬೇಕಿತ್ತು. ನೀರುನಾಯಿಯ ಬಳಗಕ್ಕೆ ಸೇರಿದ, ನೋಡಲು ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪ್ರಾಣಿಯನ್ನು ಇಂಗ್ಲೆಂಡಿನಲ್ಲಿ ಮೊಲದ ಬೇಟೆಗೆ ಸಾಕುತ್ತಿದ್ದರು. ಡಿಸ್ಟೆಂಪರ್ ಬಂದರೆ ಫೆರೆಟ್‌ಗಳು ಸಾಯುತ್ತವೆಂಬುದು ಅವುಗಳನ್ನು ಸಾಕಿದವರಿಗೆ ತಿಳಿದಿತ್ತು. ಸೋಂಕು ತಗಲಿ ಸುಮಾರು ಹತ್ತು ದಿನಕ್ಕೆ ರೋಗ, ಬಹುಮಟ್ಟಿಗೆ ಸಾವು ಖಚಿತ. 1926ರ ವೇಳೆಗೆ ಲೈಡ್ಲಾ ಮತ್ತು ಡಂಕಿನ್ ಕಾರೆಯ ಮಾತೇ ಸರಿ ಎಂದು ಸ್ಥಾಪಿಸಿದರು. 1928ರಲ್ಲಿ ಲಸಿಕೆಯ ವಿಧಾನವೂ ಸಿದ್ಧವಾಯಿತು. ರೋಗಿ ಪ್ರಾಣಿಯ ಅಂಗಾಂಶವನ್ನು ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಮೊದಲ ಚುಚ್ಚುಮದ್ದು, ಬಳಿಕ ಜೀವಂತ ವೈರಸ್.

ಆ ಹೊತ್ತಿಗೆ ಮನುಷ್ಯನ ಫ್ಲೂ ಸಂಶೋಧನೆಯೂ ಇದೇ ರೀತಿಯ ತಪ್ಪುದಾರಿಯಲ್ಲಿತ್ತು. 1892ರಲ್ಲಿ ಜರ್ಮನಿಯ ಫೈಫರ್ ಗುರುತಿಸಿದ ಬ್ಯಾಕ್ಟೀರಿಯವೇ ಫ್ಲೂಗೆ ಕಾರಣ ಎಂದು ಬಹಳ ಮಂದಿ ನಂಬಿದ್ದರು. ಹೀಮೊಫಿಲಸ್ ಇನ್‌ಫ್ಲುಯೆಂಜೆ ಎಂಬ ಅದರ ಹೆಸರಿನಲ್ಲಿ ಆ ತಪ್ಪು ಇಂದಿಗೂ ಉಳಿದಿದೆ. 1931ರಲ್ಲಿ ಅಮೆರಿಕದ ರಿಚರ್ಡ್ ಶೋಪ್ ಹಂದಿಗಳ ಫ್ಲೂಗೆ ವೈರಸ್ ಕಾರಣವೆಂದು ತೋರಿಸಿದ. 1933ರ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಫ್ಲೂ ಹರಡಿತು. ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರ್ಯೂಸ್ ಮತ್ತು ಲೈಡ್ಲಾ ರೋಗಿಗಳು ಗಂಟಲು ಮುಕ್ಕಳಿಸಿದ ನೀರನ್ನು ಸೋಸಿ ಫೆರೆಟ್‌ಗಳ ಮೂಗಿಗೆ ಹಾಕಿದರು. ಸುಮಾರು ಎರಡೇ ದಿನಗಳಲ್ಲಿ ಫೆರೆಟ್‌ಗಳಿಗೆ ಜ್ವರ ಬಂತು, ಮೂಗು ಸೋರಿತು, ಸೀನತೊಡಗಿದವು. ಹತ್ತು ದಿನವಲ್ಲ, ಎರಡು ದಿನ, ಸಾವೂ ಇಲ್ಲ. ಇದು ಡಿಸ್ಟೆಂಪರ್ ಅಲ್ಲ ಎಂದು ಹೇಳಲು ಅವರಿಗಿಂತ ಅರ್ಹರು ಆಗ ಯಾರಿದ್ದರು? ಅದೇ ವರ್ಷದ ಜುಲೈನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಪ್ರಕಟವಾಯಿತು. 1936ರಲ್ಲಿ ಇನ್ನೊಂದು ಪುರಾವೆ ದೊರೆಯಿತು. ಫೆರೆಟ್ ಒಂದರಿಂದ ಸಂಶೋಧಕ ಚಾರ್ಲ್ಸ್ ಸ್ಟುವರ್ಟ್-ಹ್ಯಾರಿಸ್‌ಗೆ ಫ್ಲೂ ತಗಲಿತ್ತು! ಫ್ಲೂ ಸಂಶೋಧನೆಯಲ್ಲಿ ಫೆರೆಟ್ ಇಂದಿಗೂ ಮುಖ್ಯ ಪ್ರಾಣಿ.

ನಾಯಿಯ ಲಸಿಕೆ ಮುಂದೆ ಸುಧಾರಿಸಿತು. ಶಕ್ತಿಗುಂದಿಸಿದ ಜೀವಂತ ವೈರಸ್ಸಿನ ಲಸಿಕೆಗಳು ಬಂದವು. ಇಂದು ಮರಿಗೆ 6ರಿಂದ 8 ವಾರಗಳಲ್ಲಿ ಆರಂಭಿಸಿ, 2ರಿಂದ 4 ವಾರಗಳಿಗೊಮ್ಮೆ, 16 ವಾರ ತುಂಬುವವರೆಗೆ ಲಸಿಕೆ ಹಾಕುತ್ತಾರೆ. ಇಷ್ಟು ಸಲ ಏಕೆಂದು ಕೇಳುವವರುಂಟು. ತಾಯಿಯ ಗಿಣ್ಣುಹಾಲಿನಿಂದ ಬಂದ ಪ್ರತಿಕಾಯಗಳು ರೋಗವನ್ನು ತಡೆಯುವಂತೆಯೇ ಲಸಿಕೆಯನ್ನೂ ತಡೆಯುತ್ತವೆ. ಅವು ಕರಗುವ ದಿನ ಒಂದೊಂದು ಮರಿಗೆ ಒಂದೊಂದು. ಒಂದೇ ಚುಚ್ಚುಮದ್ದಿಗೆ ನಿಲ್ಲಿಸಿದ ಮರಿಗಳು ಅನೇಕ ವೇಳೆ ರೋಗಕ್ಕೆ ಸಿಕ್ಕುವುದು ಹೀಗೆ. ಇನ್ನೊಂದು ಮಾತು: ಡಿಸ್ಟೆಂಪರ್ ಮನುಷ್ಯರಿಗೆ ಕಾಯಿಲೆ ತರುವುದಿಲ್ಲ. ಆದರೆ ಫಿಟ್ಸ್ ಬರುತ್ತಿರುವ ನಾಯಿ ಕಚ್ಚಿದರೆ ಅದನ್ನು ಡಿಸ್ಟೆಂಪರ್ ಎಂದು ಊಹಿಸಿ ಸುಮ್ಮನಿರಬಾರದು. ಗಾಯವನ್ನು ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಕೂಡಲೇ ವೈದ್ಯರ ಬಳಿ ಹೋಗಿ ರೇಬಿಸ್ ಲಸಿಕೆ ಪಡೆಯಬೇಕು.

ಬೆಕ್ಕುಗಳಿಗೂ 'ಡಿಸ್ಟೆಂಪರ್' ಬರುತ್ತದೆಂಬ ಮಾತಿದೆ. ಅದು ಹೆಸರಿನ ಗೊಂದಲ ಮಾತ್ರ. ಬೆಕ್ಕಿನ ಆ ರೋಗಕ್ಕೆ ಕಾರಣ ಪಾರ್ವೊವೈರಸ್. ನಾಯಿಯ ಡಿಸ್ಟೆಂಪರ್ ಮನೆಯ ಬೆಕ್ಕನ್ನು ಕಾಡುವುದಿಲ್ಲ. ಅದರ ದೊಡ್ಡ ಬಂಧುಗಳಿಗೆ ಮಾತ್ರ ಈ ವಿನಾಯಿತಿ ಇಲ್ಲ. 1994ರಲ್ಲಿ ಟಾಂಜಾನಿಯದ ಸೆರೆಂಗೆಟಿಯಲ್ಲಿ ಮೂರನೆಯ ಒಂದರಷ್ಟು ಸಿಂಹಗಳು ಈ ರೋಗದಿಂದ ಸತ್ತವು. 2018ರ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಕೆಲವದರಲ್ಲಿ ಇದೇ ವೈರಸ್ ಪತ್ತೆಯಾಯಿತು. ಉಳಿದ ಸಿಂಹಗಳನ್ನು ಪ್ರತ್ಯೇಕಿಸಿ, ವಿದೇಶದಿಂದ ಲಸಿಕೆ ತರಿಸಿ ಹಾಕಲಾಯಿತು.